ಅಣ್ಣನ ಕಾರು, ಕುಣಿಗಲ್ ರಸ್ತೆಯ ಏರು

ಅರವತ್ತರ ದಶಕದಲ್ಲಿ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕಾರು. ಅದು ನಮ್ಮಣ್ಣನದು. ಅಣ್ಣ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ರಿಟೈರಾದ ಅಧಿಕಾರಿಯೊಬ್ಬರು ಶೆಡ್ಡಿನಲ್ಲಿ ಕೊಳೆಯಲು ಬಿಟ್ಟಿದ್ದ ಕಾರನ್ನು ಎಳೆದು ತಂದು, ತಾನೇ ಬಿಚ್ಚಿ ತಾನೇ ಜೋಡಿಸಿ ಓಡುವಂತೆ ಮಾಡಿದ್ದ. ಓಡುವಂತೆ ಅಂದದ್ದು ದೊಡ್ಡ ಮಾತಾಯಿತು, ನಡೆಯುವಂತೆ ಮಾಡಿದ್ದ. ಬೀದಿಯವರಿಗೆ ಬೇಕಾದದ್ದೂ ಅಷ್ಟೇ. ಯಾರ ಮನೆಯಲ್ಲಿ ಮದುವೆಯಾದರೂ ಸಂಜೆ ಹೆಣ್ಣುಗಂಡಿನ ಮೆರವಣಿಗೆಗೆ ನಮ್ಮ ಕಾರೇ ಆಗಬೇಕು. ಮುಂದೆ ವಾಲಗದವರು, ಪಕ್ಕದಲ್ಲಿ ಗ್ಯಾಸ್‌ಲೈಟು ಹೊತ್ತವರು, ನಡುವೆ ಹೂವು ಮುಡಿಸಿಕೊಂಡ ಕಾರು, ಸ್ಟೀರಿಂಗ್ ಹಿಂದೆ ಪೇಟ ಸುತ್ತಿದ ಅಣ್ಣ. ಡೋಲಿನವನ ಹಿಮ್ಮಡಿಗೆ ತಾಗದಂತೆ, ಮೆತ್ತಗೆ ಗೊಣಗುತ್ತ ಕಾರು ಹಿಂದೆ ಬರುತ್ತಿತ್ತು. ತಾಂಬೂಲ, ತೆಂಗಿನಕಾಯಿ ಬಿಟ್ಟು ಅಣ್ಣ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ.

ನನ್ನನ್ನು ನೋಡಲು ಕುಣಿಗಲ್‌ನಿಂದ ಬಂದವರಲ್ಲಿ ಹುಡುಗನ ದೊಡ್ಡಪ್ಪನವರೇ ಹಿರಿಯರು. ಅಪ್ಪ ತೀರಿಕೊಂಡಿದ್ದರಿಂದ ನಮ್ಮ ಕಡೆಗೆ ಎಲ್ಲದಕ್ಕೂ ಅಣ್ಣನೇ. ಬಂದವರನ್ನು ಬಸ್ಸಿಗೆ ಕಳಿಸುವುದು ಮರ್ಯಾದೆಯಲ್ಲ ಎಂದು, ತಾನೇ ಕಾರಿನಲ್ಲಿ ಕುಣಿಗಲ್‌ಗೆ ಬಿಟ್ಟುಬರಲು ಹೊರಟ. ದಾರಿಯಲ್ಲಿ ಒಂದು ಏರು. ಅರ್ಧ ಹತ್ತುವುದರೊಳಗೆ ಕಾರು ಏದುಸಿರು ಬಿಟ್ಟು, ರೇಡಿಯೇಟರಿನಿಂದ ಹಬೆ ಕಾರಿ ನಿಂತಿತು. ದೊಡ್ಡಪ್ಪನವರು ಇಳಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ನಡೆದೇ ಮೇಲೆ ಹೋದರು. ಕಾರು ಹೇಗೋ ತೆವಳಿ ತುದಿ ಮುಟ್ಟಿದಾಗ ಅವರು ಮರದ ಕೆಳಗೆ ಕೂತು ಎಲೆಯಡಿಕೆ ಜಗಿಯುತ್ತಿದ್ದರಂತೆ.

"ನಮ್ ಎತ್ತಿನ ಗಾಡೀಲಿ ಬಂದಿದ್ರೆ ಇಷ್ಟೊತ್ಗೆ ಉಂಡು ಮಲಗಿರ್ತಿದ್ದೆ ಕಣಪ್ಪ" ಅಂದರಂತೆ.

ಸಂಬಂಧ ಕುದುರಿತು. ಆದರೆ ಆ ಮಾತು ಅಣ್ಣನ ಗಂಟಲಲ್ಲಿ ಸಿಕ್ಕಿಕೊಂಡಿತು. ಮದುವೆಯ ಮಾರನೆಯ ದಿನ ನನ್ನನ್ನು ಗಂಡನ ಮನೆಗೆ ಕಳಿಸುವಾಗ ಅದೇ ಮನುಷ್ಯನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆ ಏರನ್ನು ಒಂದೇ ಉಸಿರಿಗೆ ಹತ್ತಿಸುತ್ತೇನೆ ಎಂದು ಹಟ ತೊಟ್ಟ. ಮದುವೆಮನೆಯಲ್ಲಿ ಗಂಡಸಿಗೆ ಮಾಡಲು ನೂರು ಕೆಲಸವಿರುವಾಗ ಇವನು ಬೆಂಗಳೂರಿಗೆ ಹೋಗಿ ಗುಜರಿಯಲ್ಲಿ ಹುಡುಕಿ, ಲೇತಿನವನ ಹತ್ತಿರ ಉಜ್ಜಿಸಿ, ಗೋಣಿಚೀಲದಲ್ಲಿ ಎರಡು ಸಾಮಾನು ತಂದ. ಒಂದು ಕ್ಯಾಮ್‌ಶಾಫ್ಟು: ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಉಕ್ಕಿನ ಕೋಲು, ಅದು ತಿರುಗಿದಂತೆ ಎಂಜಿನ್ನಿನ ವಾಲ್ವುಗಳು ತೆರೆದು ಮುಚ್ಚುತ್ತವೆ. ಇನ್ನೊಂದು, ಗಾಳಿ ಪೆಟ್ರೋಲು ಒಳಗೆ ಹೋಗುವ ಕೊಳವೆಗಳ ಗೊಂಚಲು, ಮ್ಯಾನಿಫೋಲ್ಡು. ಹಳೆಯದಕ್ಕೆ ಗಾಳಿ ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರು ಒಂದು, ಇದಕ್ಕೆ ಎರಡು.

"ಎಂಜಿನ್ನಿನ ಬಾಗ್ಲು ಇನ್ಮೇಲೆ ಜಾಸ್ತಿ ಹೊತ್ತು ತೆಗೆದಿರುತ್ತಮ್ಮ, ಅದಕ್ಕೇ ಜಾಸ್ತಿ ಶಕ್ತಿ" ಎಂದು ಅಮ್ಮನಿಗೆ ತಿಳಿಹೇಳಿದ.

"ಬಾಗ್ಲು ಜಾಸ್ತಿ ಹೊತ್ತು ತೆಗೆದಿದ್ರೆ ನಾಯಿ ನುಗ್ಗುತ್ತೆ ಕಣೋ" ಅಂದಳು ಅಮ್ಮ.

ಮನೆ ಮುಂದೆ ಚಪ್ಪರ ಏಳುತ್ತಿತ್ತು. ಅದರ ನೆರಳಲ್ಲೇ ಕಾರಿನ ಬಾಯಿ ತೆಗೆದಿತ್ತು. ರೇಡಿಯೇಟರು ಬಿಚ್ಚಿ ಗೋಡೆಗೆ ಒರಗಿಸಿದ. ಹಳೇ ಶಾಫ್ಟನ್ನು ಒರೆಯಿಂದ ಕತ್ತಿ ಹಿರಿದ ಹಾಗೆ ಎಳೆದು, ಅಮ್ಮನ ಹಳೇ ಸೀರೆಯಲ್ಲಿ ಸುತ್ತಿಟ್ಟ. ಶಾಫ್ಟು ತಿರುಗಿಸುವ ಹಲ್ಲುಚಕ್ರಗಳ ಗುರುತು ತಪ್ಪಬಾರದೆಂದು ಎಲೆಯಡಿಕೆ ತಟ್ಟೆಯ ಸುಣ್ಣ ಹಚ್ಚಿಕೊಂಡ. ಹೊಸದು ಕೂರಿಸಿ ಸ್ಟಾರ್ಟ್ ಮಾಡಿದಾಗ ಇಡೀ ಕಾರು ಚಳಿಜ್ವರ ಬಂದಂತೆ ನಡುಗಿತು. "ನಿಂತಾಗ ಹಿಂಗೇ, ಅದರ ಗುಣ ಅದು" ಅಂದ. ಆಮೇಲೆ ಗುಬ್ಬಿ ರಸ್ತೆಯಲ್ಲಿ ಹೋಗಿ ಬಂದವನ ಮುಖ ನೋಡಬೇಕಿತ್ತು. ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ನನ್ನ ಹತ್ತಿರ ಬಂದು, "ಬಸ್ಸನ್ನ ಹಿಂದಾಕ್ದೆ ಕಣೇ! ಗುಬ್ಬಿ ಬಂದಿದ್ದೇ ಗೊತ್ತಾಗ್ಲಿಲ್ಲ" ಅಂದ. ನನಗೂ ಹೆಮ್ಮೆಯೇ ಆಯಿತು. ಆ ಕಾರನ್ನು ಊರು ಮೆರವಣಿಗೆಗೆ ಕರೆಯುತ್ತಿದ್ದದ್ದು ಅದು ನಿಧಾನಕ್ಕೆ ಹೋಗುತ್ತದೆ ಎಂದೇ. ಅದು ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಮದುವೆಯ ಸಂಜೆ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ ಕೂತೆವು, ನಾಗಸ್ವರ ಶುರುವಾಯಿತು, ಅಣ್ಣ ಕ್ಲಚ್ಚು ಬಿಟ್ಟ. ಕಾರು ಎರಡು ಸಲ ಕೆಮ್ಮಿ ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿದ, ಮತ್ತೆ ಸತ್ತಿತು. ಓಡಲು ಮಾಡಿದ ಎಂಜಿನ್ನು ನಡೆಯಲು ಒಪ್ಪಲಿಲ್ಲ. ಆಕ್ಸಿಲರೇಟರು ಒತ್ತಿದರೆ ವಾಲಗವೇ ಕೇಳದಂತೆ ಅಬ್ಬರಿಸಿ ಮುನ್ನುಗ್ಗಿತು. ಡೋಲಿನವನು ಡೋಲು ಸಮೇತ ಚರಂಡಿಗೆ ಹಾರಿದ, ನನ್ನ ಬಾಸಿಂಗ ಮೂಗಿನ ಮೇಲೆ ಬಂತು. ಜನ ನಕ್ಕರು. ಕೊನೆಗೆ ನಮ್ಮ ಕಡೆಯ ಗಂಡಸರು ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದರು.

"ತಳ್ರಪ್ಪಾ ತಳ್ಳಿ! ಅವತ್ತು ನಾನೊಬ್ನೇ ನಡೆದಿದ್ದೆ, ಇವತ್ತು ಬೀಗರೆಲ್ಲ ನಡೀಲಿ" ಎಂದು ದೊಡ್ಡಪ್ಪನವರು ಪಕ್ಕದಲ್ಲೇ ಬರುತ್ತ ಕೂಗಿದರು.

ಆ ನಾಚಿಕೆ ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ಸ್ಟೀರಿಂಗ್ ಹಿಡಿದವನು ನನ್ನ ಒಡಹುಟ್ಟಿದವನಲ್ಲ, ಬಾಡಿಗೆಗೆ ಬಂದ ಡ್ರೈವರು ಎಂದು ಅವನ ಗುರುತಿಲ್ಲದ ಕುಣಿಗಲ್‌ನವರಾದರೂ ತಿಳಿದುಕೊಂಡರೆ ಸಾಕಪ್ಪ ಅನ್ನಿಸಿತ್ತು. ಅದೇ ಹೊತ್ತಿಗೆ ನನ್ನ ಎದುರಿಗೇ ಅವನ ಕುತ್ತಿಗೆ ಕಾಣುತ್ತಿತ್ತು. ಪೇಟದ ಅಂಚಿನಿಂದ ಬೆವರು ಕಾಲರಿನೊಳಗೆ ಇಳಿಯುತ್ತಿತ್ತು. ಅವನು ಒಂದು ಸಲವೂ ಹಿಂದೆ ತಿರುಗಲಿಲ್ಲ.

ಬೆಳಿಗ್ಗೆ ಹೊರಡುವಾಗ ಅಣ್ಣ ಕಾರು ಒರೆಸಿ ಬಾಗಿಲು ತೆಗೆದು ನಿಂತಿದ್ದ. "ಯಜಮಾನ್ರೇ, ಇದು ರೋಡಲ್ಲಿ ಬೇರೇನೇ. ಒಂದ್ಸಲ ಕೂತ್ಕೊಳಿ" ಅಂದ. ದೊಡ್ಡಪ್ಪನವರು, "ಬೇಡ ಬುಡಪ್ಪ, ಬಸ್ಸೈತೆ" ಎಂದು ನಡೆದೇಬಿಟ್ಟರು. ಹೊಸ ಸೊಸೆ ಅವರ ಮಾತು ಮೀರುವುದುಂಟೇ? ನನ್ನ ಟ್ರಂಕು, ಅಮ್ಮ ಕೊಟ್ಟ ಪಾತ್ರೆಪಡಗ ಕಾರಿನಲ್ಲಿ ಹೋದವು, ನಾವೆಲ್ಲ ಬಸ್ಸು ಹತ್ತಿದೆವು.

ಆ ಏರಿನಲ್ಲಿ ಬಸ್ಸು ಮುಲುಗುತ್ತ ಹತ್ತುವಾಗ ಹಿಂದಿನಿಂದ ಹಾರ್ನು ಕೇಳಿತು. ಅಣ್ಣ! ಎಷ್ಟು ಚೆನ್ನಾಗಿ ಬಂತು ಕಾರು, ಏರು ಅನ್ನುವುದೇ ಇಲ್ಲದ ಹಾಗೆ ನಮ್ಮನ್ನು ದಾಟಿ ಮೇಲೇರಿತು. ತುದಿಯಲ್ಲಿ ನಿಲ್ಲಿಸಿ, ಇಳಿದು, ಅದೇ ಮರದ ಕೆಳಗೆ ನಿಂತು ಬಸ್ಸಿನ ಒಂದೊಂದೇ ಕಿಟಕಿ ಹುಡುಕಿದ. ನಾನು ತಿರುಗಿ ನೋಡಿದರೆ ದೊಡ್ಡಪ್ಪನವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಮೈಮುಟ್ಟಿ ಎಬ್ಬಿಸುವ ಸಲಿಗೆ ನನಗೆಲ್ಲಿಯದು?

ಕುಣಿಗಲ್‌ನಲ್ಲಿ ಟ್ರಂಕು ಇಳಿಸುತ್ತ ಅಣ್ಣ ಮೆಲ್ಲಗೆ ಕೇಳಿದ. "ಅವ್ರು ನೋಡಿದ್ರೇನೇ?"

"ನೋಡಿದ್ರು ಕಣಣ್ಣ" ಅಂದೆ.

ಅವನ ಮುಖ ಅರಳಿತು. ನಾನು ತಡೆಯುವಷ್ಟರಲ್ಲಿ ಜಗುಲಿಯ ಹತ್ತಿರ ಹೋಗಿಬಿಟ್ಟಿದ್ದ. "ಹೆಂಗಿತ್ತು ಯಜಮಾನ್ರೇ, ಏರು?"

"ಯಾವ ಏರಪ್ಪ? ತುಮಕೂರು ಬಿಟ್ಮೇಲೆ ನಾನು ಕಣ್ಣೇ ಬಿಟ್ಟಿಲ್ಲ."

ಅಣ್ಣ ತಿರುಗಿ ನನ್ನನ್ನು ನೋಡಿದ. ಮೆರವಣಿಗೆಯಲ್ಲಿ ಅಷ್ಟು ಹೊತ್ತು ತಿರುಗದಿದ್ದವನು ಆಗ ತಿರುಗಿದ. ಆಮೇಲೆ "ಟ್ರಂಕು ಎಲ್ಲಿಡ್ಲಮ್ಮ?" ಅಂದ.

ಮುಂದಿನ ಲಗ್ನಗಳು ಬರುವ ಹೊತ್ತಿಗೆ ಸೀರೆಯಲ್ಲಿ ಸುತ್ತಿಟ್ಟಿದ್ದ ಹಳೇ ಶಾಫ್ಟು, ಹಳೇ ಮ್ಯಾನಿಫೋಲ್ಡು ಮತ್ತೆ ಕೂತಿದ್ದವು. ಹಬ್ಬಕ್ಕೆ ಕರೆಯಲು ಬಂದಾಗೆಲ್ಲ ಅಣ್ಣ ಅದೇ ಕಾರಿನಲ್ಲಿ ನನ್ನನ್ನು ತುಮಕೂರಿಗೆ ಕರೆದುಕೊಂಡು ಹೋಗಿ ವಾಪಸ್ಸು ಬಿಡುತ್ತಿದ್ದ. ವಾಪಸ್ಸು ಬರುವಾಗ ಆ ಏರಿನ ಬುಡಕ್ಕೆ ಬಂದೊಡನೆ ನಾನೇ ಬಾಗಿಲು ತೆಗೆದು ಇಳಿದು ನಡೆಯುತ್ತಿದ್ದೆ. ಕೂತ್ಕೊ ಎಂದು ಅವನು ಯಾವತ್ತೂ ಅನ್ನಲಿಲ್ಲ.