ತಟ್ಟೆಯಂಚಿನ ಕರಿಬೇವು

ನಮ್ಮ ಯಜಮಾನರು ಊಟ ಮುಗಿಸಿ ಎದ್ದ ಮೇಲೆ ಅವರ ತಟ್ಟೆಯನ್ನು ನೀವೊಮ್ಮೆ ನೋಡಬೇಕಿತ್ತು. ಅನ್ನದ ಒಂದು ಅಗುಳೂ ಉಳಿದಿರುತ್ತಿರಲಿಲ್ಲ, ಸಾರಿನ ಹನಿಯೂ ಇರುತ್ತಿರಲಿಲ್ಲ. ಅಂಚಿನಲ್ಲಿ ಮಾತ್ರ ಕರಿಬೇವಿನ ಎಲೆಗಳು, ಗ್ರೂಪ್ ಫೋಟೋಕ್ಕೆ ನಿಂತ ಶಾಲೆಯ ಮಕ್ಕಳ ಹಾಗೆ, ಸಾಲಾಗಿ ನಿಂತಿರುತ್ತಿದ್ದವು. ಮದುವೆಯಾದಂದಿನಿಂದ ನಾನು ಈ ಸಾಲನ್ನು ಬಳಿದು ಚೆಲ್ಲುತ್ತ ಬಂದಿದ್ದೆ. ಬಸವನಗುಡಿಯಲ್ಲಿ ಸ್ಟೀಲ್ ತಟ್ಟೆಯಿಂದ ಚೆಲ್ಲಿದೆ, ಇಲ್ಲಿ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಪಿಂಗಾಣಿ ತಟ್ಟೆಯಿಂದ ಚೆಲ್ಲಿದೆ. ಕೇಳಿದರೆ, "ಅದು ಘಮಕ್ಕೆ ಹಾಕೋದು ಕಣೇ, ತಿನ್ನೋಕಲ್ಲ" ಎನ್ನುತ್ತಿದ್ದರು. ಇಂಥ ಮಹನೀಯರು ಒಂದು ದಿನ ತಮ್ಮನ್ನು ತಾವೇ ಕನ್ಸರ್ವೇಟಿವ್ ಎಂದು ಘೋಷಿಸಿಕೊಂಡರು.

ಘೋಷಣೆ ಹೊರಬಿದ್ದದ್ದು ಸ್ಯಾನ್ ಡಿಯಾಗೊದಲ್ಲಿ. ಅದು ಎರಡು ಸಾವಿರದ ಹನ್ನೆರಡರ ಚುನಾವಣೆಯ ಬೇಸಿಗೆ. ನಮಗೆ ಆಗಷ್ಟೇ ಸಿಟಿಜನ್‌ಶಿಪ್ ಬಂದು, ಜೀವಮಾನದ ಮೊದಲ ಅಮೆರಿಕನ್ ವೋಟು ಕೈಯಲ್ಲಿ ಬಿಸಿಬಿಸಿಯಾಗಿತ್ತು. ಯೂನಿವರ್ಸಿಟಿ ಸಿಟಿಯಲ್ಲಿರುವ ಸ್ನೇಹಿತರ ಮನೆಯಲ್ಲಿ ಭಾನುವಾರದ ಊಟ, ಬಿಸಿಬೇಳೆಬಾತು, ಜೊತೆಗೆ ರಾಜಕೀಯ. ಆ ಸ್ನೇಹಿತರು ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಪ್ರೊಫೆಸರು, ಮಹಾ ಪ್ರಗತಿಪರರು. ಜಗತ್ತೆಲ್ಲ ಬದಲಾಗಬೇಕು, ತಮ್ಮ ಕಾಫಿಪುಡಿಯ ಬ್ರ್ಯಾಂಡ್ ಮಾತ್ರ ಬದಲಾಗಕೂಡದು ಎನ್ನುವ ಪೈಕಿ. ಅವರ ಮಾತಿಗೆ ಎದುರಾಗಿ ನಮ್ಮವರು ಚಮಚ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಐ ಆಮ್ ಎ ಕನ್ಸರ್ವೇಟಿವ್" ಎಂದರು. ಊಟಕ್ಕೆ ಬಂದಿದ್ದ ಧಾರವಾಡದ ಹುಡುಗಿಯೊಬ್ಬಳು, ಶಿಲ್ಪಾ ಎಂದು, ಅಲ್ಲೇ ಕಡಲ ಪಾಚಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು, ಯಾವ ಕುಹಕವೂ ಇಲ್ಲದೆ ಕೇಳಿದಳು: "ಅಂಕಲ್, ಒಂದ್ ಮಾತ್ ಕೇಳ್ತೀನ್ರಿ. ಕನ್ಸರ್ವೇಟಿವ್ ಅಂದ್ರ ನೀವು ಏನನ್ನ ಕಾಪಾಡಾಕತ್ತೀರಿ?"

ಉತ್ತರ ಇಂಗ್ಲಿಷಿನಲ್ಲಿ ಬಂತು, ಪಾಯಸ ಆರಿಹೋಗುವ ತನಕ ಬಂತು. ಸರ್ಕಾರ ಚಿಕ್ಕದಾಗಿರಬೇಕು, ಒಬ್ಬನ ಆಸ್ತಿಗೆ ಇನ್ನೊಬ್ಬ ಕೈಯಿಡಬಾರದು, ಹಿರಿಯರಿಂದ ಬಂದದ್ದನ್ನು ಉಳಿಸಿಕೊಳ್ಳಬೇಕು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು, "ಅದು ಸರಿ ಅಂಕಲ್, ಆದ್ರ ಏನನ್ನ?" ಎಂದಳು. ಅಷ್ಟರಲ್ಲಿ ಯಾರೋ ಹಪ್ಪಳ ತಂದರು, ನಮ್ಮವರು ಬದುಕಿಕೊಂಡರು.

ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ನಾನು ಆ ಪದವನ್ನೇ ಮೆಲ್ಲುತ್ತಿದ್ದೆ. ಕನ್ನಡದಲ್ಲಿ ಅದನ್ನು ಸಂಪ್ರದಾಯವಾದಿ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಕಣ್ಣ ಮುಂದೆ ಬರುವುದು ಮಡಿ ಪಂಚೆ ಉಟ್ಟು, ಈರುಳ್ಳಿಯ ಹೆಸರೆತ್ತಿದರೆ ಮೂಗು ಮುಚ್ಚುವ ಒಬ್ಬ ಅಜ್ಜ. ನಮ್ಮವರಾದರೋ ಈರುಳ್ಳಿಯನ್ನು ಆಮ್ಲೆಟ್ಟಿನಲ್ಲೇ ತಿನ್ನುವವರು. ಶ್ಯಾಮಸುಂದರ ಎಂಬ ಐದು ಅಕ್ಷರದ ಹೆಸರನ್ನು ಆಫೀಸಿನ ಅನುಕೂಲಕ್ಕೆ ಸ್ಯಾಮ್ ಎಂದು ಕತ್ತರಿಸಿಕೊಂಡವರು. ದೇವಸ್ಥಾನದಲ್ಲಿ ಅರ್ಚಕರು ಗೋತ್ರ ಕೇಳಿದರೆ ನನ್ನ ಮುಖ ನೋಡುವವರು. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸಿದರೆ ಆಕ್ಸೆಂಟ್ ಚೆನ್ನಾಗಿದೆ ಎಂದು ಹಿಗ್ಗುವವರು. ಇದರಲ್ಲಿ ಯಾವುದೂ ತಪ್ಪೆಂದು ನಾನು ಹೇಳುತ್ತಿಲ್ಲ, ನಾನೂ ಇದೇ ಸಂಸಾರದಲ್ಲಿದ್ದೇನೆ. ಆದರೆ ಬೀರುವಿನಲ್ಲಿ ಏನೂ ಇಲ್ಲದೆ ಅದರ ಬೀಗದ ಕೈಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವರನ್ನು ಕಂಡರೆ ನಗು ಬರುತ್ತದೆ, ಅಷ್ಟೆ.

ಆ ಶರತ್ಕಾಲದಲ್ಲೇ ನಮ್ಮ ಹಿತ್ತಿಲಿಗೆ ಸರ್ಕಾರ ಬಂತು. ಬಂದದ್ದು ಕೃಷಿ ಇಲಾಖೆಯ ಒಬ್ಬಳೇ ಹೆಂಗಸು; ಟೋಪಿ ಹಾಕಿಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು, ಒಳಗೆ ಬರಬಹುದೇ ಎಂದು ನನ್ನನ್ನು ಕೇಳಿಯೇ ಬಂದಳು. ಅಡುಗೆಮನೆಯ ಕಿಟಕಿಯ ಕೆಳಗಿರುವ ನನ್ನ ಕರಿಬೇವಿನ ಗಿಡದ ಚಿಗುರನ್ನು ಮಗುವಿನ ಕಿವಿ ಹಿಡಿದು ನೋಡುವಂತೆ ಮೆಲ್ಲಗೆ ತಿರುಗಿಸಿ ನೋಡಿದಳು. ನನಗೂ ತೋರಿಸಿದಳು. ಎಳ್ಳಿನಷ್ಟು ಚಿಕ್ಕ, ಬಾಲವೆತ್ತಿಕೊಂಡು ಕೂತ ಹುಳಗಳು. ಅವುಗಳಿಂದ ಕರಿಬೇವಿಗೆ ಅಂಥ ತೊಂದರೆಯೇನಿಲ್ಲವಂತೆ. ಆದರೆ ಇಲ್ಲಿ ಮರಿಮಾಡಿ ನಿಂಬೆ, ಕಿತ್ತಳೆ ಗಿಡಗಳಿಗೆ ಹಾರುತ್ತವಂತೆ. ಅವುಗಳ ಜೊತೆ ರೋಗವೂ ಹೋದರೆ ಮರ ಸಾಯುತ್ತದೆ, ಅದಕ್ಕೆ ಮದ್ದಿಲ್ಲ. ಔಷಧಿ ಹಾಕಿಸಬಹುದು, ಹಾಕಿಸಿದರೆ ಎಲೆಯನ್ನು ಅಡುಗೆಗೆ ಬಳಸುವಂತಿಲ್ಲ. ಇಲ್ಲವಾದರೆ ಗಿಡವನ್ನೇ ತೆಗೆಸಬೇಕು. ಯೋಚಿಸಿ ಹೇಳಿ, ಮುಂದಿನ ವಾರ ಬರುತ್ತೇನೆ ಎಂದು ಹೋದಳು.

ಆ ಗಿಡ ಬೆರಳುದ್ದದ ಮರಿಯಾಗಿದ್ದಾಗ ನಾನು ತಂದು ನೆಟ್ಟಿದ್ದೆ. ನಾವಿರುವ ಈ ಕಣಿವೆಯ ಚಳಿಗಾಲಕ್ಕೆ ಅದು ಕಪ್ಪಾಗಿ ಮುದುರಿದಾಗ ಹಳೆಯ ಸೀರೆ ಹೊದಿಸಿ ಕಾದಿದ್ದೆ, ಮಜ್ಜಿಗೆ ಹುಯ್ದಿದ್ದೆ, ಬೈದೂ ಇದ್ದೆ. ಈಗ ಅದು ನನಗಿಂತ ಎತ್ತರ. ಒಗ್ಗರಣೆಗೆ ಸಾಸಿವೆ ಸಿಡಿಯುವ ಹೊತ್ತಿಗೆ ಕಿಟಕಿಯಿಂದ ಕೈ ಚಾಚಿ ಒಂದು ಎಸಳು ಮುರಿದರೆ, ಆ ಕ್ಷಣಕ್ಕೆ ನಾನು ಯಾವ ದೇಶದಲ್ಲಿದ್ದೇನೆಂಬುದೇ ಮರೆಯುತ್ತಿತ್ತು.

ಯಜಮಾನರು ಸಂಜೆ ಬಂದು ವಿಷಯ ಕೇಳಿದ್ದೇ ತಡ, ಅವರೊಳಗಿನ ಕನ್ಸರ್ವೇಟಿವ್ ಎದ್ದು ಕುಳಿತರು. ನಮ್ಮ ಆಸ್ತಿ, ನಮ್ಮ ಗಿಡ, ನಮ್ಮ ಪರಂಪರೆ, ಸರ್ಕಾರಕ್ಕೇನು ಕೆಲಸ? ಒಂದು ದಿನಕ್ಕೂ ಒಂದು ಚೊಂಬು ನೀರು ಹಾಕದ ಗಿಡ, ತಿಂದ ತಟ್ಟೆಯಂಚಿನಲ್ಲಿ ಬಹಿಷ್ಕಾರ ಹಾಕಿದ ಎಲೆ, ಒಂದೇ ಸಂಜೆಯಲ್ಲಿ ಪರಂಪರೆಯಾಗಿ ಬಡ್ತಿ ಪಡೆಯಿತು. ನನಗೂ ಒಳಗೊಳಗೆ ಖುಷಿಯೇ ಆಯಿತೆನ್ನಿ. ಗಿಡ ಉಳಿಯುವುದಾದರೆ ಯಾವ ಸಿದ್ಧಾಂತದಿಂದ ಉಳಿದರೇನು?

ಅದೇ ಹುಮ್ಮಸ್ಸಿನಲ್ಲಿ ಅವರು ಪಕ್ಕದ ಮನೆಯ ವಾಲ್ಟರನ್ನು ಬೇಲಿಯ ಬಳಿ ಕರೆದರು. ವಾಲ್ಟರ್ ಎಂಬತ್ತು ದಾಟಿದ ಒಂಟಿ ಮುದುಕ. ಅವನ ನಿಂಬೆಯ ಮರ, ಈ ಕಣಿವೆಯೆಲ್ಲ ಕಿತ್ತಳೆ ತೋಟವಾಗಿದ್ದ ಕಾಲದಲ್ಲಿ, ಅವನಪ್ಪ ನೆಟ್ಟದ್ದು. ಅರ್ಧ ಮರ ಬೇಲಿ ದಾಟಿ ನಮ್ಮ ಕಡೆಗೆ ಬಾಗಿದೆ. ನಮ್ಮ ಮನೆಯ ಚಿತ್ರಾನ್ನ, ಉಪ್ಪಿನಕಾಯಿ ಎಲ್ಲ ಅದರದ್ದೇ ಪ್ರಸಾದ. ಆತ ಜೀವಮಾನವಿಡೀ ಒಂದೇ ಪಕ್ಷಕ್ಕೆ, ನಮ್ಮವರು ಹೊಸದಾಗಿ ಕಂಡುಕೊಂಡ ಆ ಪಕ್ಷಕ್ಕೇ, ವೋಟು ಹಾಕಿದವನು. "ನೀವೂ ಕನ್ಸರ್ವೇಟಿವ್ ಅಲ್ಲವೇ, ವಾಲ್ಟರ್?" ಎಂದು ನಮ್ಮವರು ಸಂಭ್ರಮದಿಂದ ಕೇಳಿದರು. "ಇರಬಹುದು, ಇದುವರೆಗೆ ಯಾರೂ ಕೇಳಿರಲಿಲ್ಲ" ಎಂದ.

ಹುಳದ ಕಥೆಯನ್ನು ಅವನು ಪೂರ್ತಿ ಕೇಳಿಸಿಕೊಂಡ. ಮರದ ಕಾಂಡದ ಮೇಲೆ ಕೈಯಿಟ್ಟುಕೊಂಡೇ ಇದ್ದ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: "ಅದು ನಿಮ್ಮ ಜಾಗ, ನಿಮ್ಮ ಗಿಡ. ನನ್ನ ಮರಕ್ಕೋಸ್ಕರ ಕೀಳಬೇಡಿ." ಅಷ್ಟು ಹೇಳಿ ಎಂದಿನಂತೆ ಕಾಗದದ ಚೀಲದಲ್ಲಿ ನಾಲ್ಕಾರು ನಿಂಬೆಹಣ್ಣು ತುಂಬಿ ಬೇಲಿಯ ಮೇಲಿಂದ ಕೊಟ್ಟು, ಒಳಗೆ ಹೋದ.

ನೋಡಿ, ನಮ್ಮವರು ಊಟದ ಮೇಜಿನಲ್ಲಿ ಪಾಯಸ ಆರಲು ಬಿಟ್ಟು ಹೇಳಿದ್ದನ್ನೇ ಈ ಮುದುಕ ಎರಡು ವಾಕ್ಯದಲ್ಲಿ ಹೇಳಿದ. ವ್ಯತ್ಯಾಸ ಇಷ್ಟೇ, ಅವನು ಅಪ್ಪನ ಮರವನ್ನು ಪಣಕ್ಕಿಟ್ಟು ಹೇಳಿದ. ನಮ್ಮವರು ಚೀಲ ಹಿಡಿದುಕೊಂಡು ನಿಂತೇ ಇದ್ದರು.

ತೀರ್ಮಾನ ನನ್ನದಾಯಿತು, ಸಾಕಿದವಳು ನಾನು ತಾನೇ. "ತೆಗೆದುಬಿಡೋಣ" ಎಂದೆ. ವಿಷ ಕುಡಿಸಿ ಕಿಟಕಿಯ ಕೆಳಗೆ ನಿಲ್ಲಿಸಿಕೊಂಡು, ಕೈ ಚಾಚದೆ ದಿನಾ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಶನಿವಾರ ಯಜಮಾನರು, ಯಾರೂ ಹೇಳದೆಯೇ, ಗುದ್ದಲಿ ಹಿಡಿದರು. ಸಾಫ್ಟ್‌ವೇರಿನ ಕೈ, ಬೊಬ್ಬೆ ಬಂತು. ನಾನು ಒಳಗೆ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಕರಿಬೇವಿನ ಬೇರು ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಮುಂದಿನ ವಸಂತದಲ್ಲಿ ಅಲ್ಲಲ್ಲಿ ಮರಿ ಎದ್ದಿತು. ಇಂದಿಗೂ ಅವರು ವಾರಕ್ಕೊಮ್ಮೆ ಹಿತ್ತಿಲಿಗೆ ಹೋಗಿ, ಬಗ್ಗಿ, ಒಂದೊಂದನ್ನೇ ಹುಡುಕಿ ಕೀಳುತ್ತಾರೆ. ತಾವು ಏನೆಂದು ಈಗ ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಶಿಲ್ಪಾಳ ಪ್ರಶ್ನೆಗೆ ಉತ್ತರ ಸಿಕ್ಕಿದೆಯೆಂದು ನನಗನ್ನಿಸುತ್ತದೆ: ಬೇಲಿಯಾಚೆಯ ಒಂದು ನಿಂಬೆಯ ಮರ, ಅದೂ ಬೇರೆಯವರದ್ದು.

ಮೊನ್ನೆ ನಿಂಬೆಹಣ್ಣಿನ ಸಾರು ಮಾಡಿದ್ದೆ. ಅಂಗಡಿಯ ಪ್ಯಾಕೆಟ್ ಕರಿಬೇವನ್ನು ನಾನು ಮನೆಗೆ ತರುವುದಿಲ್ಲ. ಯಜಮಾನರು ಒಂದು ತುತ್ತು ತಿಂದು, ಎರಡು ತುತ್ತು ತಿಂದು, ತಲೆಯೆತ್ತಿ ಅಂದರು: "ಸಾರಿಗೆ ಏನೋ ಕಮ್ಮಿ ಕಣೇ."

"ಹೌದು" ಎಂದೆ. "ನೀವು ಎತ್ತಿಡ್ತಿದ್ದದ್ದು."

ಅವರು ಊಟ ಮುಗಿಸಿ ಎದ್ದ ಮೇಲೆ ನೋಡಿದೆ: ತಟ್ಟೆಯಂಚಿನಲ್ಲಿ ಎರಡು ನಿಂಬೆಯ ಬೀಜ, ಪಕ್ಕಪಕ್ಕ.