ನಾನು ಕೂರದ ಶನಿವಾರದ ಕ್ಲಾಸು

ಟೀಚರಮ್ಮನ ಬಲಗೈಯ ನಡುಬೆರಳು, ಉಂಗುರಬೆರಳು ಎರಡೂ ಮಡಚುತ್ತಿರಲಿಲ್ಲ. ಕೈ ಮುಗಿದರೆ ಆ ಎರಡು ಮಾತ್ರ ಬೇರೆ ದಿಕ್ಕು ನೋಡುತ್ತಿದ್ದವು. ನಾನು ಉಳಿಸಿಕೊಂಡ ಒಂದು ಗಂಟೆಯ ಬೆಲೆ ಅದು. ಗಂಟೆ ಉಳಿದದ್ದು ನನಗೆ, ಬೆಲೆ ತೆತ್ತದ್ದು ಅವರು. ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಮೂಟೆ ಹೊತ್ತು, ಆಮೇಲೆ ದಲ್ಲಾಳಿಯಾಗಿ, ಕೊನೆಗೆ ಸ್ಕ್ಯಾನಿಂಗ್ ಸೆಂಟರ್ ಇಟ್ಟವನು ನಾನು. ಎಷ್ಟೋ ವ್ಯಾಪಾರ ಕುದುರಿಸಿದ್ದೇನೆ. ಇಷ್ಟು ಕೆಟ್ಟ ವ್ಯಾಪಾರ ಇನ್ನೊಂದು ಮಾಡಿಲ್ಲ.

ನಮ್ಮ ಎಂಆರ್‌ಐ ಮೆಷಿನ್ ನೋಡಿಕೊಳ್ಳುತ್ತಿದ್ದ ಹಿರಿಯ ಟೆಕ್ನೀಷಿಯನ್ ಅವರು. ಪ್ರತಿ ಶನಿವಾರ ಸಂಜೆ ಒಂದು ಗಂಟೆ ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು ಸುರಕ್ಷತೆಯ ಪಾಠ ಹೇಳುತ್ತಿದ್ದರಿಂದ ಎಲ್ಲರಿಗೂ ಟೀಚರಮ್ಮ. ಗೊರೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಬ್ಯಾಗಿನಲ್ಲಿ ಊಟದ ಡಬ್ಬಿ, ಸ್ಕ್ಯಾನಿಗೆ ಬಂದವರ ಪಿನ್ನು ಹಾಕಲು ಒಂದು ಖಾಲಿ ಡಬ್ಬಿ, ಜೊತೆಗೆ ಅರಿಶಿನದ ದಾರ, ಅರಿಶಿನದ ಕೊಂಬು.

ಈ ದಾರ ಯಾಕೆಂದು ನನಗೆ ತಿಳಿದದ್ದು ಒಮ್ಮೆ ಮಲ್ಲಿಪಟ್ಟಣದ ಕಡೆಯ ಹೆಂಗಸೊಬ್ಬರು ಎಂಆರ್‌ಐ ಕೋಣೆಯ ಬಾಗಿಲಲ್ಲಿ ಹಟ ಹಿಡಿದಾಗ.

"ತಾಳಿ ಮಾತ್ರ ಸತ್ರೂ ಬಿಚ್ಚಾಕಿಲ್ಲ ಕಣವ್ವ" ಎಂದರು ಆಕೆ.

ಟೀಚರಮ್ಮ ವಾದ ಮಾಡಲಿಲ್ಲ. ದಾರಕ್ಕೆ ಕೊಂಬು ಕಟ್ಟಿ, ಆಕೆಯ ಕೊರಳಿಗೆ ತಾವೇ ಹಾಕಿದರು. "ಈಗ ಎರಡೈತೆ. ಒಂದು ಬಿಚ್ಚು, ಇನ್ನೊಂದು ಕಾಯ್ತದೆ."

ಆಕೆ ಬಿಚ್ಚಿದರು. ಸರಕ್ಕೆ ಸಾಲಾಗಿ ಪಿನ್ನು ನೇತಾಡುತ್ತಿದ್ದವು. "ಏನವ್ವ ಇದು, ತಾಳಿನೋ ಪಿನ್ನಿನಂಗಡಿನೋ?" ಎಂದು ಟೀಚರಮ್ಮ ಕೇಳಿದ್ದಕ್ಕೆ, ಅಷ್ಟೊತ್ತು ಹಟ ಹಿಡಿದಿದ್ದಾಕೆ ಬಾಯಿಗೆ ಸೆರಗು ಹಿಡಿದು ನಕ್ಕರು.

ಎಂಆರ್‌ಐ ಎಂದರೆ ಆನೆಯಷ್ಟು ತೂಕದ ಅಯಸ್ಕಾಂತ. ಪಿನ್ನು ಕೂಡ ಅದರ ಮುಂದೆ ಗುಂಡಿನಂತೆ ಹಾರುತ್ತದೆ. ಕ್ಲಾಸಿನಲ್ಲಿ ಅವರು ಮೊದಲು ತೋರಿಸುತ್ತಿದ್ದುದು ಇದನ್ನೇ. ಮೆಷಿನ್ನಿನ ಕೆಲಸ ಮುಗಿದು, ದೀಪವೆಲ್ಲ ಆರಿದ ಮೇಲೆ, ದಾರದ ತುದಿಗೆ ಒಂದು ಪಿನ್ನು ಕಟ್ಟಿ ಬಾಗಿಲಲ್ಲಿ ಹಿಡಿಯುತ್ತಿದ್ದರಂತೆ. ಕೆಳಗೆ ಇಳಿಬೀಳಬೇಕಾದ ಪಿನ್ನು ಮೆಷಿನ್ನಿನ ಕಡೆ ಬೆರಳು ತೋರಿಸಿದ ಹಾಗೆ ಅಡ್ಡಡ್ಡ ನಿಲ್ಲುತ್ತಿತ್ತಂತೆ. "ಮೆಷಿನ್ ಮಲಗ್ತದೆ ಕಣ್ರೋ, ಅಯಸ್ಕಾಂತ ಮಲಗಾಕಿಲ್ಲ" ಎನ್ನುತ್ತಿದ್ದರಂತೆ.

ಅಂತೆ ಎಂದು ಬರೆಯುತ್ತಿದ್ದೇನೆ, ಯಾಕೆಂದರೆ ನಾನು ಒಂದು ಕ್ಲಾಸಿಗೂ ಕೂತವನಲ್ಲ.

ಅವರು ಬಿಟ್ಟಿರಲಿಲ್ಲ. "ಮೊದಲು ನೀವು ಕೂರ್ಬೇಕು ಸಾ. ಬೇರೆಯೋರ್ನ ನಾನು ಬಾಗ್ಲಲ್ಲಿ ತಡೀಬೋದು. ನಿಮ್ಮನ್ನ ಯಾರು ತಡೀತಾರೆ?"

ನಾನು ಅದಕ್ಕೂ ಚೌಕಾಸಿ ಮಾಡಿದೆ. ಒಂದು ಗಂಟೆಯನ್ನು ಅರ್ಧಕ್ಕೆ ಇಳಿಸಿದೆ, ಅರ್ಧವನ್ನು ಹತ್ತು ನಿಮಿಷಕ್ಕೆ. ಕೊನೆಗೆ, "ತರಬೇತಿ ಆಗೈತೆ ಅಂತ ಸಹಿ ತಾನೆ ಬೇಕಾಗಿರೋದು? ತಗೊಂಬನ್ನಿ" ಎಂದೆ. ಅವರು ರಿಜಿಸ್ಟರ್ ಮುಂದಿಟ್ಟು, ನಾನು ಸಹಿ ಮಾಡುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

ಆ ವರ್ಷದ ಆಯುಧಪೂಜೆ. ಸೆಂಟರಿಗೆ ರಜೆ, ಮೆಷಿನ್ ಬಂದ್. "ಪೂಜೆ ಬಾಗಿಲಿಗೆ ಮಾಡಿ ಸಾ, ಒಳಗೆ ಬ್ಯಾಡ" ಎಂದು ಟೀಚರಮ್ಮ ಹಿಂದಿನ ದಿನವೇ ಹೇಳಿದ್ದರು. ಮೆಷಿನ್ನಿಗೆ ಕುಂಕುಮ ಇಡದೆ ಎಂಥ ಆಯುಧಪೂಜೆ ಎಂದು ನಾನು ಅವರ ಮಾತು ಕೇಳಲಿಲ್ಲ. ಕೊನೆಗೆ ಅವರು ನನ್ನ ಹೆಂಡತಿಯ ಪಿನ್ನು, ಬಳೆ, ಸರ ಎಲ್ಲವನ್ನೂ ಡಬ್ಬಿಗೆ ಹಾಕಿಸಿಕೊಂಡು, ಅರಿಶಿನದ ದಾರ ಕಟ್ಟಿ ಒಳಗೆ ಬಿಟ್ಟರು. ಅವಳು ಮೆಷಿನ್ ಮುಂದೆ ಬಗ್ಗಿ ಹೂವು ಇಡುತ್ತಿದ್ದಳು. ಹಿಂದೆ ಬಾಗಿಲಲ್ಲಿ ನಾನು, ಕೈಯಲ್ಲಿ ಹಿತ್ತಾಳೆ ತಟ್ಟೆ.

"ಸಾ, ತಟ್ಟೆ ತೋರ್ಸಿ."

"ದೇವ್ರ ತಟ್ಟೆಗೂ ತಪಾಸಣೆನಾ ಟೀಚರಮ್ಮ? ಮೆಷಿನ್ ಆಫ್ ಆಗೈತೆ, ಬಿಡಿ."

ಹೂವಿನಡಿ ನನ್ನ ಮಂಡಿಯ ಕೊಕ್ಕೆ ಇತ್ತು. ಮೂಟೆ ಎತ್ತುವ ಕಬ್ಬಿಣದ ಕೊಕ್ಕೆ, ನನಗೆ ಅನ್ನ ಕೊಟ್ಟ ಮೊದಲ ಆಯುಧ. ಪ್ರತಿ ವರ್ಷ ಅದಕ್ಕೇ ಮೊದಲ ಪೂಜೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ತಟ್ಟೆ ಕೈಯಲ್ಲಿ ನಡುಗಿತು, ಹೂವು ಚೆದುರಿ ಕೊಕ್ಕೆ ಎದ್ದಿತು. ನನ್ನ ಹಿಂದೆಯೇ ಬಂದಿದ್ದ ಟೀಚರಮ್ಮ ಅದನ್ನು ಹಿಡಿದರು. ಬಿಟ್ಟಿದ್ದರೆ ಅದು ನನ್ನ ಹೆಂಡತಿಯ ಬೆನ್ನಿಗೆ ಹೋಗುತ್ತಿತ್ತು. ಅವರು ಪಕ್ಕಕ್ಕೆ ಎಳೆದರು, ಕೊಕ್ಕೆ ಅವರ ಕೈ ಸಮೇತ ಹೋಗಿ ಮೆಷಿನ್ನಿಗೆ ಬಡಿದು ಕಚ್ಚಿಕೊಂಡಿತು.

"ಆಫ್ ಮಾಡ್ರೋ! ಆಫ್ ಮಾಡ್ರೋ!" ಎಂದು ಕಿರುಚಿದೆ.

"ಆಫಾಗೇ ಐತೆ ಸಾ" ಎಂದರು ಟೀಚರಮ್ಮ. ಮುಖ ಬಿಳಿಚಿತ್ತು. ಆಮೇಲೆ ಬಾಗಿಲ ಕಡೆ ತಿರುಗಿ, "ಯಾರೂ ನುಗ್ಬ್ಯಾಡಿ! ಬೆಲ್ಟು, ಕೀ, ಎಲ್ಲ ಆಚೆ ಇಟ್ಟು ಇಬ್ರೇ ಬನ್ನಿ!" ಎಂದರು. ಶನಿವಾರದ ಕ್ಲಾಸಿಗೆ ಕೂತಿದ್ದ ಇಬ್ಬರು ಜೇಬು ಖಾಲಿ ಮಾಡಿ ಬಂದು, ಕೊಕ್ಕೆಯನ್ನು ಜಾರಿಸಿ ಕೈ ಬಿಡಿಸಿದರು. ಕ್ಲಾಸಿಗೆ ಕೂರದ ನಾನು ಖಾಲಿ ತಟ್ಟೆ ಹಿಡಿದು ನಿಂತಿದ್ದೆ.

ಇಷ್ಟಾದರೆ ಅವಿವೇಕ ಎನ್ನಬಹುದಿತ್ತು. ನಾಚಿಕೆ ಇರುವುದು ಮುಂದಿನದರಲ್ಲಿ.

ಮೆಷಿನ್ ರಿಪೇರಿಗೆ ವಿಮೆಯವರು ಕಾಗದ ಕೇಳಿದರು: ಲೋಹ ಒಳಗೆ ಹೋದದ್ದು ಹೇಗೆ, ಯಾರ ತಪ್ಪು? ತಂದವನು ನಾನು ಎಂದರೆ ತರಬೇತಿಯ ರಿಜಿಸ್ಟರಿನಲ್ಲಿರುವ ನನ್ನ ಸಹಿ ಸುಳ್ಳೆಂದು ಬಯಲಾಗಿ ವಿಮೆಯ ಹಣ ಕೈತಪ್ಪುತ್ತಿತ್ತು. ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದವರ ಹತ್ತಿರ ಹೋಗಿ, "ಸೆಂಟರ್ ಮುಚ್ಚಿದ್ರೆ ಎಲ್ರ ಹೊಟ್ಟೆ ಮೇಲೂ ಬೀಳ್ತದೆ" ಎಂದು ಶುರು ಮಾಡಿದೆ. ನನ್ನ ಮಾತಿನ ವರಸೆ ಅವರಿಗೆ ಗೊತ್ತಿತ್ತು.

"ಸುತ್ತಿ ಬಳಸಬ್ಯಾಡಿ ಸಾ. ಪೆನ್ ಕೊಡಿ" ಎಂದರು. ತಪಾಸಣೆ ಮರೆತದ್ದು ತಾವೇ, ಕೊಕ್ಕೆ ಒಳಗೆ ಹೋದದ್ದು ತಮ್ಮ ತಪ್ಪಿನಿಂದ ಎಂದು ಎಡಗೈಯಲ್ಲಿ ಬರೆದರು. ಒಂದನೇ ತರಗತಿಯ ಮಗುವಿನ ಅಕ್ಷರದಂತಿತ್ತು. ಕಾಗದ ಕೊಡುತ್ತಾ, "ಈಗಲಾದ್ರೂ ಒಂದು ಶನಿವಾರ ಕೂತ್ಕೊಳಿ" ಎಂದರು. ನಾನು ಹೂಂ ಎಂದೆ. ಕೂರಲಿಲ್ಲ. ಅವರು ವಾಪಸ್ಸು ಕೆಲಸಕ್ಕೂ ಬರಲಿಲ್ಲ, ಕ್ಲಾಸೂ ನಿಂತಿತು.

ಈ ಅವಘಡಕ್ಕೆ ಮುಂಚೆ ಹಾಸನದ ಒಂದು ದೊಡ್ಡ ಆಸ್ಪತ್ರೆಯವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಎಕ್ಸ್‌ರೇ, ಸ್ಕ್ಯಾನಿಂಗ್ ಸಿಬ್ಬಂದಿಗೆಲ್ಲ ತರಬೇತಿ ಕೊಡಲು ಅವರನ್ನು ಕರೆದಿದ್ದರು. ಅವರು ಬಯಸಿದ್ದು ಅದೊಂದನ್ನೇ. ಪಾಠಕ್ಕೆಂದು ಚಿತ್ರಗಳನ್ನು ಬರೆದಿಟ್ಟುಕೊಂಡಿದ್ದರು. ಕಾಗದದ ಸುದ್ದಿ ಆ ಆಸ್ಪತ್ರೆಗೂ ತಲುಪಿ, ತಾವೇ ಮರೆತವರು ಬೇರೆಯವರಿಗೆ ಏನು ಕಲಿಸುತ್ತಾರೆ ಎಂದು ಆ ಕೆಲಸ ಇನ್ನೊಬ್ಬರಿಗೆ ಹೋಯಿತು.

ಒಮ್ಮೆ ಗೊರೂರಿನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಿದ್ದರು. ಎಡಗೈಯಲ್ಲಿ ಚಮಚ, ತಟ್ಟೆಯಲ್ಲಿ ಮುದ್ದೆ. ನನ್ನ ನೋಟ ಕಂಡು ನಕ್ಕರು. "ಮುದ್ದೆನ ಸ್ಪೂನಲ್ಲಿ ತಿನ್ನೋ ಸಾಹೇಬ್ರಾಗಿವ್ನಿ ಸಾ. ಬನ್ನಿ, ಕೂತ್ಕೊಳಿ." ಆ ಕಾಗದ ವಾಪಸ್ಸು ತೆಗೆಸುತ್ತೇನೆ ಎನ್ನಲು ಹೋದವನು, ಸಾರು ಚೆನ್ನಾಗಿದೆ ಎಂದು ಹೇಳಿ ಬಂದೆ.

ಹೋದ ವರ್ಷ ಅವರು ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ನನ್ನ ಪಕ್ಕ ನಿಂತಿದ್ದ ಬೇರೆ ಸೆಂಟರಿನ ಟೆಕ್ನೀಷಿಯನ್ ಒಬ್ಬ, "ಪಾಪ, ಊರಿಗೆಲ್ಲ ಹೇಳ್ಕೊಡೋರು, ತಾವೇ ಮರ್ತುಬುಟ್ರಂತೆ" ಎಂದ. ಅಲ್ಲೂ ನಾನು ಬಾಯಿ ಬಿಡಲಿಲ್ಲ.

ಈಗ ಬಿಡುತ್ತಿದ್ದೇನೆ. ಅವರು ಮರೆತಿರಲಿಲ್ಲ. ತಟ್ಟೆ ತೋರಿಸಿ ಎಂದು ಕೇಳಿದ್ದರು. ತೋರಿಸದವನು ನಾನು.

ನೀವು ಸ್ಕ್ಯಾನಿಗೆ ಹೋದಾಗ ಬಾಗಿಲಲ್ಲಿ ಎರಡೆರಡು ಸಲ ಕೇಳಿದರೆ ಸಿಡುಕಬೇಡಿ. ಏನೂ ಇಲ್ಲ ಎನ್ನುವ ಮುಂಚೆ ಸೆರಗು, ಜೇಬು, ಉಡಿದಾರ ಮುಟ್ಟಿ ನೋಡಿಕೊಳ್ಳಿ. ಮೆಷಿನ್ ಆಫ್ ಆಗಿದೆ ಎಂಬ ಮಾತು ನಂಬಬೇಡಿ. ನನ್ನ ಹಾಗೆ ನೀವೂ ಯಜಮಾನರಾಗಿದ್ದರೆ, ಕೂರದ ಕ್ಲಾಸಿಗೆ ಸಹಿ ಹಾಕಬೇಡಿ. ನಿಮ್ಮನ್ನು ತಡೆಯುವ ಅಧಿಕಾರವನ್ನು ನಿಮ್ಮ ಸಿಬ್ಬಂದಿಯಲ್ಲೇ ಒಬ್ಬರಿಗೆ, ಎಲ್ಲರೆದುರು ಕೊಡಿ. ಅವರು ತಡೆದ ದಿನ, ಕೈಯಲ್ಲಿ ದೇವರ ತಟ್ಟೆಯಿದ್ದರೂ, ನಿಲ್ಲಿ.