ಕೆರೆಗೆ ಹೋಗಿ ಬಂದ ಆರನೇ ಹಲಗೆ

೧೯೫೭, ಮೇ ೧೨, ಭಾನುವಾರ, ಬೆಳಿಗ್ಗೆ ಆರೂಕಾಲು ಗಂಟೆ. ಅಂಗಡಿಯ ಹಲಗೆಗಳಷ್ಟು ಕಡಿಮೆ ದುಡಿಯುವವರು ನಮ್ಮ ಕುಂಬಾರಕೊಪ್ಪಲಿನಲ್ಲಿ ಇನ್ನಾರೂ ಇಲ್ಲವೆಂಬುದು ನನಗೆ ಹೊಳೆದದ್ದು ಆಗ. ದೊಡ್ಡಪ್ಪನ ದಿನಸಿ ಅಂಗಡಿಗೆ ಬಾಗಿಲಿಲ್ಲ. ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಬರೆದ ಹಲಸಿನ ಹಲಗೆಗಳನ್ನು ಮೇಲೂ ಕೆಳಗೂ ಇರುವ ಜಾಡಿನಲ್ಲಿ ಸಾಲಾಗಿ ತೂರಿಸಿ, ಅಡ್ಡಪಟ್ಟಿ ಹಾಕಿ ಬೀಗ ಜಡಿದರೆ ಅಂಗಡಿ ಮುಚ್ಚಿದಂತೆ. ಬೆಳಗಾದರೆ ಅವು ಪಿಂಚಣಿದಾರರ ಹಾಗೆ ಗೋಡೆಗೊರಗಿ ಹಗಲೆಲ್ಲ ವಿಶ್ರಾಂತಿ ಪಡೆಯುತ್ತವೆ.

ಇದು ಹೊಳೆಯಲು ಕಾರಣ, ಕ್ಷೌರದಂಗಡಿಯ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಕಂಡ ಒಂದು ಚಿತ್ರ: ಮನೆಯೆತ್ತರದ ಅಲೆಯ ಮೇಲೆ, ಒಂದು ಹಲಗೆಯಲ್ಲಿ, ಚಡ್ಡಿ ತೊಟ್ಟ ಮಹಾನುಭಾವನೊಬ್ಬ ಬಸ್ಸಿಗೆ ಕಾಯುವವನಷ್ಟು ನಿರಾತಂಕವಾಗಿ ನಿಂತಿದ್ದ. ಅದಕ್ಕೆ ಸರ್ಫಿಂಗ್ ಎನ್ನುತ್ತಾರಂತೆ. ಆ ವಿದ್ಯೆಗೆ ಬೇಕಾದವು ಸಮುದ್ರ, ಹಲಗೆ ಮತ್ತು ನಿಲ್ಲುವವನು. ಮೈಸೂರಿನಲ್ಲಿ ಮೊದಲನೆಯದಕ್ಕೆ ಮಾತ್ರ ಅಭಾವ; ಮೂರಕ್ಕೆ ಎರಡು ಅಂಕ ಬಂದರೆ ಯಾವ ಪರೀಕ್ಷೆಯಲ್ಲೂ ತೇರ್ಗಡೆಯೇ ಅಲ್ಲವೆ, ಓದುಗರೆ?

ದೊಡ್ಡಪ್ಪ ಸಕ್ಕರೆ ತೂಗುತ್ತಿದ್ದಾಗ ಆರನೇ ಹಲಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಕುಕ್ಕರಹಳ್ಳಿ ಕೆರೆಗೆ ಹೊರಟೆ. ಅಂದು ಅವರು ಹನ್ನೊಂದಕ್ಕೆ ಅಂಗಡಿ ಮುಚ್ಚಿ, ಮಗಳು ಗೌರಕ್ಕನ ಸಂಬಂಧ ಗೊತ್ತುಮಾಡಲು ನಂಜನಗೂಡಿನ ಬಸ್ಸು ಹಿಡಿಯಬೇಕಿತ್ತು. ಗಂಡಿನ ತಂದೆ ಹಿಂದೊಮ್ಮೆ ಹೊತ್ತು ಮೀರಿ ಬಂದ ಹೆಣ್ಣಿನವರನ್ನು ಜಗಲಿಯಿಂದಲೇ ಹಿಂದಕ್ಕೆ ಕಳಿಸಿದ ಆಸಾಮಿ. ಆದರೆ ನಾನು ಹತ್ತೂವರೆಗೇ ಹಿಂದಿರುಗುವವನು, ಆತಂಕವೇಕೆ?

ಕೆರೆಯಲ್ಲಿ ಅಲೆಯೊಂದನ್ನು ಬಿಟ್ಟು ಎಲ್ಲವೂ ಇತ್ತು. ಎಮ್ಮೆಗಳ ಮೈ ತೊಳೆಯಲು ಬಂದಿದ್ದ ನಿಂಗಮ್ಮನನ್ನು, ಅಷ್ಟನ್ನೂ ಒಮ್ಮೆಗೇ ನೀರಿಗಿಳಿಸಬೇಕೆಂದು ಬೇಡಿಕೊಂಡೆ.

“ಎಮ್ಮೆ ಹಲ್ಗೆ ಇಲ್ದೇನೇ ತೇಲ್ತದೆ. ನಿಮ್ಗ್ಯಾಕ್ ಬುದ್ದಿ ಹಲ್ಗೆ?”

“ನಿಂತ್ಕೊಳ್ಳೋಕೆ ಕಣಮ್ಮ.”

“ನಿಂತ್ಕೊಳಾಕೆ ದಡ ಐತಲ್ಲ.”

ನಾನು ಹಲಗೆ ಹೊತ್ತು ನೀರಿಗಿಳಿದೆ. ಅವಳು ಕೋಲೆತ್ತಿದಳು, ಹಿಂಡು ಧುಮುಕಿತು, ಮೊಣಕಾಲೆತ್ತರದ ಅಲೆ ಬಂತು. ದಿನಚರಿಯ ಪ್ರಕಾರ ಬಿದ್ದದ್ದು ಹದಿನಾಲ್ಕು ಸಲ, ನಿಂತದ್ದು ಒಂದು ಸಲ, ಅದೂ ಒಂದು ಸೀನು ಬಂದು ಹೋಗುವಷ್ಟು ಹೊತ್ತು. ಎಮ್ಮೆಯೊಂದು ತಿರುಗಿ ನೋಡಿದ್ದನ್ನು ಪ್ರಶಂಸೆಯೆಂದೇ ಬರೆದುಕೊಂಡಿದ್ದೇನೆ.

ಹೇಳಿದಂತೆ ಹತ್ತೂವರೆಗೇ ಬಂದೆ. ನಾನು ಲೆಕ್ಕಕ್ಕೆ ಹಿಡಿಯದಿದ್ದುದು ನೀರನ್ನು. ನೆನೆದ ಹಲಗೆ ಮದುವೆಯೂಟ ಮುಗಿಸಿದವನಂತೆ ಉಬ್ಬಿ, ಜಾಡಿಗೆ ಇಳಿಯಲೊಲ್ಲದು. ಪಕ್ಕದ ಅಂಗಡಿಯವರು ಹರಳೆಣ್ಣೆ ಸವರಿದರು, ಸೋಪು ತಿಕ್ಕಿದರು. ಹಲಗೆ ಹೊಳೆಯಿತು, ಕದಲಲಿಲ್ಲ.

“ಯಾಕ್ಲಾ ಒದ್ದೆ ಆಯ್ತು?” ಎಂದರು ದೊಡ್ಡಪ್ಪ.

“ಸರ್ಫಿಂಗ್ ಮಾಡ್ದೆ, ದೊಡ್ಡಪ್ಪ.”

“ಮಾಡ್ಬುಟ್ಟು ಒಣಗ್ಸೋದಲ್ವಾ?”

ಅವರು ಗಡಿಯಾರ ನೋಡಿದರು, ಬೀಗ ನೋಡಿದರು, ಕೊನೆಗೆ ನನ್ನ ಮೈಕಟ್ಟನ್ನು ನೋಡಿದರು. ಉಳಿದ ಎಂಟನ್ನು ಜೋಡಿಸಿ, ನಡುವೆ ಉಳಿದ ಸಂದಿಯಲ್ಲಿ ನನ್ನನ್ನು ಓರೆಯಾಗಿ ಸೇರಿಸಿ, ಅಡ್ಡಪಟ್ಟಿ ಹಾಕಿ ಬೀಗ ಜಡಿದರು. “ಆರನೇ ನಂಬ್ರ ಇವತ್ತು ನೀನೇ ಕಣ್ಲಾ. ಅಳ್ಳಾಡಬೇಡ.” ಎಂದು ಬಸ್ಸಿಗೆ ಓಡಿದರು.

ಮೂರು ಗಂಟೆಗೆ ಬೆಲ್ಲಕ್ಕೆ ಬಂದ ಅಜ್ಜಿಯೊಬ್ಬರು, “ಅಂಗ್ಡಿ ತೆಗ್ದದೋ ಮುಚ್ಚದೋ?” ಎಂದು ಕೇಳಿದರು.

“ಮುಚ್ಚಿದೆ ಕಣಜ್ಜಿ.”

“ಮುಚ್ಚಿದ್ರೆ ಮಾತೆಂಗ್ ಆಡ್ತದೆ?”

ಮೂಗಿನ ತುದಿಯ ನೊಣವನ್ನೂ ಓಡಿಸಲಾಗದೆ ನಿಂತಾಗ, ಚಿತ್ರದ ಆ ಮಹಾನುಭಾವನ ನಿರಾತಂಕದ ರಹಸ್ಯ ತಿಳಿಯಿತು. ಅಲೆಯ ಮೇಲೆ ನಿಲ್ಲುವುದು ಸುಲಭವಿರಬೇಕು. ಅವನ ಅಕ್ಕನ ಮದುವೆ ಅವನ ಹಲಗೆಯ ಮೇಲೆ ನಿಂತಿರಲಿಲ್ಲ. ಹೊತ್ತಿಗೆ ಬಸ್ಸು ಸಿಕ್ಕಿತೋ ಇಲ್ಲವೋ ಎಂಬುದೊಂದೇ ಯೋಚನೆಯಲ್ಲಿ ಸಂಜೆಯಾಯಿತು.

ಆರೂವರೆಗೆ ದೊಡ್ಡಪ್ಪ ಬಂದರು. ಮುಖದಿಂದ ಏನೂ ತಿಳಿಯಲಿಲ್ಲ. ಹತ್ತಿರ ಬಂದು ಜೇಬಿನಿಂದ ಕಲ್ಲುಸಕ್ಕರೆ ತೆಗೆದು, ಕೈ ಆಡದ ನನ್ನ ಬಾಯಿಗೆ ತಾವೇ ಹಾಕಿದರು. “ತಟ್ಟೆ ಬದ್ಲಾಯಿಸ್ಕೊಂಡೋ. ಶ್ರಾವಣ್ದಲ್ಲಿ ಮದ್ವೆ.” ಆಮೇಲೆ ಬೀಗ ತೆಗೆದು ನನ್ನನ್ನು ಹೊರಗೆಳೆದು, ಬಿಸಿಲಿಗೆ ಒಣಗಿದ್ದ ಹಲಗೆಯನ್ನೆತ್ತಿ ಜಾಡಿಗಿಟ್ಟರು, ಅದು ಏನೂ ಅರಿಯದ ಹಾಗೆ ಸರ್ರನೆ ಒಳಹೋಯಿತು.

ಸರ್ಫಿಂಗ್ ಅಭ್ಯಾಸವನ್ನು ನಾನು ಬಿಡಲಾರೆ. ಮದುವೆಗೆಂದು ಅಂಗಡಿ ಮೂರು ದಿನ ಮುಚ್ಚಿರುತ್ತದೆ. ಹಲಗೆ ಮತ್ತೆ ಉಬ್ಬಿದರೆ ಏನು ಮಾಡುವುದೆಂದು ಕೇಳಿದಾಗ ದೊಡ್ಡಪ್ಪ ನನ್ನನ್ನು ಅಳತೆ ಮಾಡುವಂತೆ ನೋಡಿದರು. ಆದ್ದರಿಂದ ಸಮುದ್ರದ ದಡದ ಬಲ್ಲವರಾರಾದರೂ, ನೀರಿಗಿಳಿದ ಹಲಗೆ ಉಬ್ಬದಿರಲು ಏನು ಮಾಡಬೇಕೆಂಬುದನ್ನು ದಯವಿಟ್ಟು ಬರೆದು ತಿಳಿಸಬೇಕು. ಶ್ರಾವಣದೊಳಗೆ ಬರೆದರೆ, ಅಕ್ಕನ ಮದುವೆಯಲ್ಲಿ ನಾನೂ ಎಲೆಯ ಮುಂದೆ ಕೂರಬಹುದು.